ಪುಣೆ–ಬೆಂಗಳೂರು ವಿಮಾನಯಾನ: ದೂರ ಮತ್ತು ಕಾಲ

ಸದಾಶಿವ ಪೇಠೆಯಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳು ಊರಿಗೆ ಹೊರಡುವುದು ಮದುವೆ ಮುಂಜಿಗಳಿಗಷ್ಟೇ ಅಲ್ಲ. ಹಿರಿಯರ ಅನಾರೋಗ್ಯದ ಸುದ್ದಿ ಬಂದಾಗಲೂ ಹೊರಡಬೇಕಾಗುತ್ತದೆ. ಆಗ ‘ವಿಮಾನಕ್ಕೆ ಒಂದೂವರೆ ಗಂಟೆ’ ಎಂಬ ಲೆಕ್ಕವೊಂದೇ ಸಾಲದು. ಓದುಗರ ಅನುಕೂಲಕ್ಕಾಗಿ ಮನೆಯಿಂದ ಮನೆಯವರೆಗಿನ ಲೆಕ್ಕವನ್ನು ಇಲ್ಲಿ ಕೊಡುತ್ತಿದ್ದೇವೆ.

ವಾಯುಮಾರ್ಗ

ಪುಣೆಯ ಲೋಹಗಾಂವ್ ನಿಲ್ದಾಣದಿಂದ ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ನೇರ ಅಂತರ ಸುಮಾರು 720 ಕಿ.ಮೀ. ನಕ್ಷೆಯಲ್ಲಿ ಗೆರೆ ಎಳೆದರೆ ಅದು ಜಮಖಂಡಿಯ ಸಮೀಪದಿಂದ ಹಾಯ್ದು, ಬಾದಾಮಿಯ ಬಳಿ ಅರ್ಧದಾರಿ ಮುಟ್ಟುತ್ತದೆ. ವಿಮಾನಗಳು ನಿಗದಿತ ವಾಯುಪಥಗಳಲ್ಲಿ ಸಾಗುವುದರಿಂದ ಹಾರುವ ದೂರ ತುಸು ಹೆಚ್ಚು. ಗಂಟೆಗೆ 800 ಕಿ.ಮೀ. ವೇಗದಲ್ಲಿ ಈ ದೂರಕ್ಕೆ 54 ನಿಮಿಷ ಸಾಕು. ಆದರೆ ಏರುವಾಗ, ಇಳಿಯುವಾಗ ವೇಗ ಕಡಿಮೆ. ನೆಲದ ಮೇಲಿನ ಚಲನೆಯೂ ಸೇರಿ ವೇಳಾಪಟ್ಟಿಯಲ್ಲಿ ಸುಮಾರು ಒಂದೂವರೆ ಗಂಟೆ ಕಾಣುತ್ತದೆ.

2008ರ ಮೇ ತಿಂಗಳವರೆಗೆ ವಿಮಾನಗಳು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯುತ್ತಿದ್ದವು. ಉತ್ತರಕ್ಕಿರುವ ದೇವನಹಳ್ಳಿಗೆ ಬಂದ ಮೇಲೆ ಆಕಾಶದ ದೂರ ಸುಮಾರು 20 ಕಿ.ಮೀ. ಕಡಿಮೆಯಾಯಿತು, ನಗರದೊಳಗಿನ ಮನೆಗೆ ನೆಲದ ದೂರ ಮಾತ್ರ ಬೆಳೆಯಿತು.

ನೆಲದ ದಾರಿ

ಸದಾಶಿವ ಪೇಠೆಯಿಂದ ಲೋಹಗಾಂವ್‌ಗೆ ಸುಮಾರು 13 ಕಿ.ಮೀ.; ಸಂಚಾರ ದಟ್ಟಣೆಯಲ್ಲಿ ಒಂದು ಗಂಟೆ ಹಿಡಿಯಿರಿ. 2024ರ ಸೆಪ್ಟೆಂಬರಿನಲ್ಲಿ ಮಂಡಈ ಮೆಟ್ರೋ ನಿಲ್ದಾಣ ತೆರೆದ ಮೇಲೆ, ಸಿವಿಲ್ ಕೋರ್ಟ್‌ನಲ್ಲಿ ಗಾಡಿ ಬದಲಿಸಿ ರಾಮವಾಡಿಯವರೆಗೆ ಹೋಗಬಹುದು, ಮುಂದೆ ರಿಕ್ಷಾ. ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಸುಮಾರು 35 ಕಿ.ಮೀ.; ನಗರದ ದಕ್ಷಿಣ ಬಡಾವಣೆಗಳಿಗೆ ಒಂದೂವರೆ ಗಂಟೆ ಬೇಕಾಗುತ್ತದೆ.

ಒಟ್ಟು ಲೆಕ್ಕ

ನಿಲ್ದಾಣಕ್ಕೆ ಒಂದು ಗಂಟೆ, ತಪಾಸಣೆ ಮತ್ತು ಕಾಯುವಿಕೆಗೆ ಎರಡು, ಹಾರಾಟಕ್ಕೆ ಒಂದೂವರೆ, ಸಾಮಾನು ಪಡೆಯಲು ಅರ್ಧ, ಮನೆಗೆ ಒಂದೂವರೆ: ಒಟ್ಟು ಆರೂವರೆ ಗಂಟೆ. ಕೈಚೀಲವೊಂದೇ ಇದ್ದರೆ ಅರ್ಧ ಗಂಟೆ ಉಳಿಯುತ್ತದೆ. ಸಾತಾರಾ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ಚಿತ್ರದುರ್ಗ ಮಾರ್ಗವಾಗಿ ರಸ್ತೆಯಲ್ಲಿ ಸುಮಾರು 840 ಕಿ.ಮೀ.; 14ರಿಂದ 15 ಗಂಟೆ.

ರಾತ್ರಿ 10ಕ್ಕೆ ಕರೆ ಬಂದಿತೆನ್ನಿ. ಆಗಲೇ ರಸ್ತೆಯಲ್ಲಿ ಹೊರಟರೆ ಬೆಂಗಳೂರು ಸೇರುವುದು ಮರುದಿನ ಮಧ್ಯಾಹ್ನ. ಮುಂಜಾನೆ 6ರ ಸುಮಾರಿನ ವಿಮಾನ ದೊರೆತರೆ 9:30ಕ್ಕೆ ಹಿರಿಯರ ಬಳಿ ಇರಬಹುದು. ಆ ಹೊತ್ತಿನಲ್ಲಿ ಕಾಯುವುದು ಕಷ್ಟವೇ. ಆದರೂ ಕಾದವರೇ ಮೊದಲು ತಲುಪುತ್ತಾರೆ.

ಬೆಳಗಾವಿಯವರಿಗೆ ಈ ಮಾತು ತಿರುವುಮುರುವು. ರಸ್ತೆಯಲ್ಲಿ ಸುಮಾರು 340 ಕಿ.ಮೀ. ಇರುವುದರಿಂದ ರಾತ್ರಿ ಹೊರಟವರು ಬೆಳಗಾಗುವುದರೊಳಗೆ ಊರಲ್ಲಿರುತ್ತಾರೆ. ಹುಬ್ಬಳ್ಳಿಗೆ ಇನ್ನೂ ಸುಮಾರು 90 ಕಿ.ಮೀ.; ಬೆಂಗಳೂರಿಗೆ ಹಾರಿ ಹಿಂತಿರುಗುವುದಕ್ಕಿಂತ ರಸ್ತೆಯೇ ಲೇಸು.

ಲೋಹಗಾಂವ್ ವಾಯುಪಡೆಯ ನೆಲೆಯೂ ಹೌದು. ಓಡುಪಥದ ದುರಸ್ತಿಗಾಗಿ 2021ರ ಅಕ್ಟೋಬರ್ 16ರಿಂದ 29ರವರೆಗೆ ನಾಗರಿಕ ವಿಮಾನಗಳು ಪೂರ್ಣ ನಿಂತಿದ್ದವು. ಆದ್ದರಿಂದ ಹೊರಡುವ ಮುನ್ನ ಅಂದಿನ ವೇಳಾಪಟ್ಟಿಯನ್ನು ತಪ್ಪದೆ ನೋಡಿಕೊಳ್ಳಬೇಕೆಂದು ಕೋರುತ್ತೇವೆ.