ಮೆಥಾಂಫೆಟಮೈನ್ ವ್ಯಸನ: ಚಿಕಿತ್ಸೆ ಹಾಗೂ ಕಾನೂನಿನ ರಕ್ಷಣೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಮೆಥಾಂಫೆಟಮೈನ್ ನರಮಂಡಲವನ್ನು ತೀವ್ರವಾಗಿ ಉದ್ರೇಕಿಸುವ ಕೃತಕ ರಾಸಾಯನಿಕವಾಗಿದ್ದು, 1893ರಲ್ಲಿ ಜಪಾನಿನಲ್ಲಿ ಮೊದಲಿಗೆ ತಯಾರಾಯಿತು. ಬಳಕೆದಾರರಲ್ಲಿ ಇದಕ್ಕೆ 'ಐಸ್', 'ಕ್ರಿಸ್ಟಲ್', 'ಮೆಥ್' ಎಂಬ ಹೆಸರುಗಳಿವೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ 10ರಿಂದ 75 ವರ್ಷ ವಯೋಮಾನದವರಲ್ಲಿ ಮದ್ಯ ಸೇವಿಸುವವರು ಶೇ. 14.6 ಇದ್ದರೆ, ಈ ವರ್ಗದ ಉದ್ದೀಪಕಗಳನ್ನು ಬಳಸುವವರು ಶೇ. 0.18 ಮಾತ್ರ. ಪ್ರಮಾಣ ಕಡಿಮೆ ಇರುವುದರಿಂದಲೇ ಕುಡಿತದ ಲಕ್ಷಣ ಬಲ್ಲ ಕುಟುಂಬಗಳಿಗೂ ಇದರ ಲಕ್ಷಣ ತಿಳಿಯುವುದಿಲ್ಲ. ಬಾಯಿಂದ ವಾಸನೆ ಬರುವುದಿಲ್ಲ. ದಿನಗಟ್ಟಲೆ ನಿದ್ರೆ ಹಾಗೂ ಹಸಿವು ಇಲ್ಲದಿರುವುದು, ತೂಕ ಇಳಿಯುವುದು, ಹಲ್ಲು ಹಾಳಾಗುವುದು, ಯಾರೋ ಹಿಂಬಾಲಿಸುತ್ತಿದ್ದಾರೆಂಬ ಸಂಶಯ, ಇಲ್ಲದ ಧ್ವನಿ ಕೇಳಿಸುವುದು ಮುಖ್ಯ ಲಕ್ಷಣಗಳು. ಇವನ್ನು ಗಾಳಿ ಸೋಂಕೆಂದು ಭಾವಿಸಿ ಕಾಲಹರಣ ಮಾಡಬಾರದು. ಸೇವನೆ ನಿಲ್ಲಿಸಿದ ಮೊದಲ ದಿನಗಳಲ್ಲಿ ಅತಿನಿದ್ರೆ, ತೀವ್ರ ಖಿನ್ನತೆ ಹಾಗೂ ಆತ್ಮಹತ್ಯೆಯ ಆಲೋಚನೆ ಬರಬಹುದಾದ್ದರಿಂದ ವ್ಯಸನಿಯನ್ನು ಒಂಟಿಯಾಗಿ ಬಿಡತಕ್ಕದ್ದಲ್ಲ.

ಹೆರಾಯಿನ್ ವ್ಯಸನಕ್ಕೆ ಬದಲಿ ಔಷಧಿ ಇರುವಂತೆ ಇದಕ್ಕೆ ಇಲ್ಲ. ಆಪ್ತಸಮಾಲೋಚನೆ ಹಾಗೂ ವರ್ತನಾ ಚಿಕಿತ್ಸೆಯೇ ಪ್ರಧಾನ. ಊಟದಲ್ಲಿ ಗುಟ್ಟಾಗಿ ಬೆರೆಸಿಕೊಡುವ ಪುಡಿಗಳಿಂದ ಪ್ರಯೋಜನವಿಲ್ಲ.

ಆಸ್ಪತ್ರೆಗೆ ಹೋದರೆ ಪೊಲೀಸ್ ಪ್ರಕರಣವಾಗುವುದೆಂಬ ಭಯವೇ ಅನೇಕರನ್ನು ಮನೆಯಲ್ಲಿ ಉಳಿಸುತ್ತದೆ. ಎನ್‌ಡಿಪಿಎಸ್ ಕಾಯ್ದೆ, 1985ರ ಕಲಂ 64ಎ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಅಪರಾಧದ ಆರೋಪಕ್ಕೊಳಗಾದ ವ್ಯಸನಿಯು ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಇಲ್ಲವೇ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದಲ್ಲಿ ಅಂತಹ ಅಪರಾಧಗಳಿಗಾಗಿ ವಿಚಾರಣೆಗೆ ಗುರಿಯಾಗತಕ್ಕದ್ದಲ್ಲ. ಮೆಥಾಂಫೆಟಮೈನ್‌ಗೆ ಅಲ್ಪ ಪ್ರಮಾಣದ ಮಿತಿ 2 ಗ್ರಾಂ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದಲ್ಲಿ ಈ ರಕ್ಷಣೆಯನ್ನು ಹಿಂಪಡೆಯಬಹುದು. ಆದ್ದರಿಂದ ಹೊರರೋಗಿ ಚೀಟಿ ಹಾಗೂ ಬಿಡುಗಡೆ ಪತ್ರಗಳನ್ನು ಜೋಪಾನವಾಗಿಡುವುದು. ಮಾರಾಟಗಾರರಿಗೆ ಈ ರಕ್ಷಣೆಯನ್ನು ಉದ್ದೇಶಿಸಿಲ್ಲ. 50 ಗ್ರಾಂ ಮೀರಿದ ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ 10 ವರ್ಷಗಳ ಕಠಿಣ ಶಿಕ್ಷೆಯಿದೆ. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರಲ್ಲಿ ಮಾದಕ ವಸ್ತು ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಸೇರಿದ್ದು, ರೋಗಿಯ ವಿವರಗಳ ಗೋಪ್ಯತೆ ಆತನ ಹಕ್ಕಾಗಿದೆ.

ಹೊಳೆನರಸೀಪುರ, ಅರಕಲಗೂಡು ಹಾಗೂ ಚನ್ನರಾಯಪಟ್ಟಣ ತಾಲ್ಲೂಕಿನವರು ಮೊದಲು ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕಾಣಬಹುದು. ಮನೋವೈದ್ಯರ ಚಿಕಿತ್ಸೆಗೆ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಯನ್ನು, ಉನ್ನತ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರವನ್ನು ಸಂಪರ್ಕಿಸಬಹುದು. ಖಾಸಗಿ ಕೇಂದ್ರಕ್ಕೆ ಸೇರಿಸುವ ಮುನ್ನ ಅದರ ನೋಂದಣಿ ಹಾಗೂ ಮಾನ್ಯತೆಯನ್ನು ಬರಹದಲ್ಲಿ ಕೇಳಿ ಪಡೆಯತಕ್ಕದ್ದು. ಹೊರಡುವ ಮುನ್ನ ಮಾತನಾಡಲು ಬಯಸುವವರಿಗೆ ಉಚಿತ ದೂರವಾಣಿಗಳಿವೆ: ಟೆಲಿ ಮಾನಸ್ 14416, ಇದು ದಿನದ 24 ಗಂಟೆಯೂ ಲಭ್ಯ, ವ್ಯಸನಮುಕ್ತಿ ಸಹಾಯವಾಣಿ 14446. ಎದೆನೋವು, ವಿಪರೀತ ಜ್ವರ ಅಥವಾ ಹಿಂಸಾತ್ಮಕ ಉದ್ವೇಗ ಕಂಡುಬಂದಲ್ಲಿ ತಡಮಾಡದೆ 108ಕ್ಕೆ ಕರೆ ಮಾಡುವುದು.