ಕಾಕಾನ ಕಾಮಣಿ

ನಮ್ಮ ಸಗರದ ಕಡೆ ಹೋಳಿ ಹುಣ್ಣಿಮೆ ಕಳೆಯಿತೆಂದರೆ ಶ್ರೀಶೈಲದ ದಾರಿಯ ಮಾತೇ ಮಾತು. ಯುಗಾದಿಯ ಹೊತ್ತಿಗೆ ಮಲ್ಲಯ್ಯನ ಸನ್ನಿಧಿ ಮುಟ್ಟಬೇಕೆಂದು ಜನ ಕಂಬಿ ಹೊತ್ತು, ರಾಯಚೂರು ದಾಟಿ, ನಲ್ಲಮಲೆಯ ಅಡವಿ ಹೊಕ್ಕು ನಡೆಯುತ್ತಾರೆ. ಒಂದು ವರ್ಷ ನಮ್ಮ ಕಾಕಾ, ಜೊತೆಯವರಿಗಿಂತ ಮೊದಲು ಮುಟ್ಟುವ ಹಟಕ್ಕೆ ಬಿದ್ದು, ನಡುಮಧ್ಯಾಹ್ನವೂ ನೆರಳಿಗೆ ನಿಲ್ಲದೆ ನಡೆದ. ಸಂಜೆಗೆ ಏನೇನೋ ಬಡಬಡಿಸುತ್ತ ಬಿದ್ದ. ಮೈ ಕೆಂಡ. ಕೊಡಗಟ್ಟಲೆ ನೀರು ಸುರಿದು ಉಳಿಸಿಕೊಂಡರು. ಮೂರನೆಯ ದಿನ ಕಣ್ಣು ಹಳದಿಯಾದವು.

ಕಾಮಣಿ ಎಂದು ಆಸ್ಪತ್ರೆಗೆ ಒಯ್ದರೆ, ಲಿವರಿಗೆ ಪೆಟ್ಟಾಗಿದೆ ಎಂದರು. ಊರಿಗೆ ಅಷ್ಟೇ ಸಾಕಾಯಿತು. "ಲಿವರ್ ಕೆಟ್ಟದಂದ್ರ ಕದ್ದು ಕುಡದೇ ಕೆಟ್ಟಿರಬೇಕು" ಎಂದು ಕಟ್ಟೆಯ ಮೇಲೆ ಮಾತಾಯಿತು. ಹೆಂಡದ ವಾಸನೆಗೇ ಮುಖ ತಿರುವುತ್ತಿದ್ದ ಮನುಷ್ಯ. ಚಿಗವ್ವ ಹಗಲು ಹೊತ್ತು ನೀರಿಗೆ ಹೋಗುವುದನ್ನೇ ಬಿಟ್ಟಳು.

ಯಕೃತ್ತಿನ ರೋಗದಲ್ಲಿ ತಪ್ಪು ಆರೋಪಿಯನ್ನು ಹಿಡಿಯುವುದು ಹೊಸದಲ್ಲ. ಮೆಡೋಸ್ ಟೇಲರ್ ಸುರಪುರಕ್ಕೆ ಬಂದದ್ದು 1841ರಲ್ಲಿ. ಆ ಕಾಲದ ಇಂಗ್ಲಿಷ್ ವೈದ್ಯರಿಗೆ ಲಿವರ್ ಎಂದರೆ ಹಿಂದೂಸ್ತಾನದ ಬಿಸಿಲಿನ ಕಾಯಿಲೆ. ಮದ್ರಾಸಿನ ವೈದ್ಯ ಜೇಮ್ಸ್ ಆನೆಸ್ಲಿ 1828ರಲ್ಲಿ ಈ ದೇಶದ ರೋಗಗಳ ಬಗ್ಗೆ ಹೊರತಂದ ಗ್ರಂಥದಲ್ಲಿ ಅದಕ್ಕೇ ದೊಡ್ಡ ಪಾಲು. ಮುಂದೆ, ಯಕೃತ್ತಿನಲ್ಲಿ ಕೀವು ತುಂಬುವ ಆ ಬಾವುಗಳಲ್ಲಿ ಬಹಳಷ್ಟಕ್ಕೆ ಕಾರಣ ಹೊಲಸು ನೀರಿನ ಅಮೀಬಾ ಎಂದು ತಿಳಿಯಿತು. ಬಿಸಿಲು ಬಿಡುಗಡೆಯಾಯಿತು.

ಆದರೆ ಅದು ಪೂರ್ತಿ ನಿರಪರಾಧಿಯೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಿಸಿಲಾಘಾತದಿಂದ ಸತ್ತ 125 ಅಮೆರಿಕನ್ ಸೈನಿಕರ ಶವಪರೀಕ್ಷೆಯ ವಿವರವನ್ನು ಮಲಮೂಡ್, ಹೇಮೇಕರ್, ಕಸ್ಟರ್ ಎಂಬ ಮೂವರು 1946ರಲ್ಲಿ ಪ್ರಕಟಿಸಿದರು. ಬಿದ್ದ ಮೇಲೆ ಕೆಲಕಾಲ ಬದುಕಿದ್ದವರ ಯಕೃತ್ತಿನ ಜೀವಕೋಶಗಳು ಸತ್ತಿದ್ದವು. ಕಾರಣ ಸರಳ. ಸುಮ್ಮನೆ ಕೂತಾಗ ಹೃದಯ ಒತ್ತುವ ರಕ್ತದಲ್ಲಿ ಸುಮಾರು ಕಾಲುಭಾಗ ಯಕೃತ್ತಿಗೆ ಹೋಗುತ್ತದೆ. ಬಿಸಿಲಲ್ಲಿ ಬಿಡದೆ ದುಡಿದಾಗ ಸ್ನಾಯುವೂ ಚರ್ಮವೂ ಆ ರಕ್ತವನ್ನು ಕಸಿದುಕೊಳ್ಳುತ್ತವೆ. ರಕ್ತವೂ ಕಡಿಮೆ, ಮೈಯ ಕಾವೂ ವಿಪರೀತ, ಯಕೃತ್ತು ಬೇಯುತ್ತದೆ. ಕಾಮಣಿ ಕಾಣಿಸುವುದು ಎರಡು ಮೂರು ದಿನಕ್ಕೆ. ಅಷ್ಟರಲ್ಲಿ ಜನ ಬಿಸಿಲನ್ನು ಮರೆತಿರುತ್ತಾರೆ. ದೂರ ನಡೆದವರ, ಓಡಿದವರ ರಕ್ತಪರೀಕ್ಷೆಯಲ್ಲಿ ಅಂಕಿ ಏರಿದರೆಲ್ಲ ಯಕೃತ್ತೇ ಕೆಟ್ಟಿದೆ ಎಂದೂ ಅಲ್ಲ. ನೊಂದ ಸ್ನಾಯುವಿನಿಂದಲೂ ಎಸ್‌ಜಿಒಟಿ ಏರುತ್ತದೆ. ಕಣ್ಣು ಹಳದಿಯಾದರೆ ಮಾತ್ರ ಅದು ಬೇರೆಯೇ ಮಾತು.

ಇದೆಲ್ಲ ಓದಿ ತಿಳಿದಾಗ ನಾನು ಕಾಕಾನ ಮುಂದೆ ಕೂತು ಹೇಳಿದೆ. ಅವನು ಗುಣವಾಗಿ ಎಷ್ಟೋ ವರ್ಷವಾಗಿತ್ತು. ಸುಮ್ಮನೆ ಕೇಳಿ, "ನನಗ ಯಾಕ ಹೇಳ್ತಿ? ನಾ ಕುಡದಿಲ್ಲಂತ ನನಗ ಗೊತ್ತದ. ನಿಮ್ಮ ಚಿಗವ್ವಗ ಹೇಳು" ಎಂದ.

ಚಿಗವ್ವನಿಗೆ ಹೇಳಿದೆ. ಈಗ ಕಂಬಿ ಹೊರಡುವ ಹುಡುಗರಿಗೆ ಅವಳದೇ ಉಪದೇಶ: ನಸುಕಿನಾಗ ನಡೀರಿ, ಹೊತ್ತೇರಿದರ ಬೇವಿನ ನೆರಳಿಗೆ ಕೂಡ್ರಿ, ಯಾವನಾದರೂ ಬಡಬಡಿಸಿದರ ಜ್ವರದ ಗುಳಿಗಿ ಹುಡುಕಬ್ಯಾಡ್ರಿ, ಮೊದಲ ಮೈಮ್ಯಾಲ ನೀರು ಸುರದು ದವಾಖಾನಿಗಿ ಒಯ್ರಿ. ಕಟ್ಟೆಯ ಕಡೆ ನೋಡಿ ಒಂದು ಮಾತು ಸೇರಿಸುತ್ತಾಳೆ: ಮಂದಿ ಮ್ಯಾಲ ಅಪವಾದ ಹೊರಸಬ್ಯಾಡ್ರಿ.