ಪದನಾಮ ಮತ್ತು ಪ್ರಾಮಾಣ್ಯ: ವಿಧಿವಿಜ್ಞಾನ ಪ್ರಯೋಗಾಲಯದ ನೌಕರವೃಂದ ಹಾಗೂ ಕೋಲಾರ ಜಿಲ್ಲೆ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಅಪರಾಧ ಪ್ರಕರಣಗಳಲ್ಲಿ ವಶಪಡಿಸಿಕೊಂಡ ರಕ್ತಸಿಕ್ತ ಬಟ್ಟೆ, ಶವಪರೀಕ್ಷೆಯಲ್ಲಿ ತೆಗೆದ ಒಳಾಂಗಗಳ ಮಾದರಿ ಮೊದಲಾದವು ತಜ್ಞಪರೀಕ್ಷೆಗಾಗಿ ಬೆಂಗಳೂರಿನ ಮಡಿವಾಳದಲ್ಲಿರುವ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯವನ್ನು ಸೇರುತ್ತವೆ. ಮೈಸೂರು, ದಾವಣಗೆರೆ, ಬೆಳಗಾವಿ, ಕಲಬುರಗಿ, ಮಂಗಳೂರುಗಳಲ್ಲಿ ಪ್ರಾದೇಶಿಕ ಪ್ರಯೋಗಾಲಯಗಳು ಸ್ಥಾಪನೆಗೊಂಡರೂ, ರಾಜಧಾನಿಗೆ ಸುಮಾರು 70 ಕಿ.ಮೀ. ದೂರದ ಕೋಲಾರ ಬೆಂಗಳೂರನ್ನೇ ಅವಲಂಬಿಸಿತು. ಆದುದರಿಂದ ಅಲ್ಲಿನ ನೌಕರರ ಬಡ್ತಿ ಮತ್ತು ತರಬೇತಿಗಳು ಇಲಾಖೆಯ ಆಂತರಿಕ ವಿಷಯವಾಗಿಯಷ್ಟೇ ಉಳಿಯದೆ, ಈ ತಾಲ್ಲೂಕುಗಳ ನ್ಯಾಯದಾನಕ್ಕೂ ಸಂಬಂಧಿಸಿದ ವಿಷಯವಾಗುತ್ತವೆ.

ಭಾರತದಲ್ಲಿ ಈ ವೃತ್ತಿಯ ಇತಿಹಾಸ 1849ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ರಾಸಾಯನಿಕ ಪರೀಕ್ಷಕರ ಪ್ರಯೋಗಾಲಯದಿಂದ ಆರಂಭವಾಗುತ್ತದೆ. ಪರಿಣತಿಗೂ ಪದವಿಗೂ ನಡುವಿನ ಅಂತರ ಬಹುಬೇಗ ಕಾಣಿಸಿಕೊಂಡಿತು. 1897ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ಬೆರಳಚ್ಚು ಕೇಂದ್ರದ ವರ್ಗೀಕರಣ ಪದ್ಧತಿಯನ್ನು ರೂಪಿಸುವಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರ ಪಾತ್ರ ಪ್ರಮುಖವಾದುದು. ಆದರೆ ಆ ಪದ್ಧತಿ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರಿನಿಂದಲೇ ಜಗತ್ತಿಗೆ ಪರಿಚಯವಾಯಿತು. ಹೆನ್ರಿ 1903ರಲ್ಲಿ ಲಂಡನ್ ಮಹಾನಗರ ಪೊಲೀಸಿನ ಕಮಿಷನರ್ ಆದನು.

ಸ್ವತಂತ್ರ ಭಾರತದ ಕಾನೂನಿನಲ್ಲಿಯೂ ಪದನಾಮಕ್ಕೆ ವಿಶೇಷ ಮಹತ್ವ ದೊರೆಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯ 293ನೆಯ ಪ್ರಕರಣವು ಸರ್ಕಾರಿ ವಿಜ್ಞಾನ ತಜ್ಞರ ವರದಿಯನ್ನು, ಅವರು ಖುದ್ದಾಗಿ ಸಾಕ್ಷ್ಯ ನುಡಿಯದಿದ್ದರೂ, ಸಾಕ್ಷ್ಯವಾಗಿ ಬಳಸಲು ಅವಕಾಶ ನೀಡಿತು. ವಿಧಿವಿಜ್ಞಾನ ಪ್ರಯೋಗಾಲಯಗಳ ಮಟ್ಟಿಗೆ ಅದು ಹೆಸರಿಸಿದ್ದು ನಿರ್ದೇಶಕ, ಉಪನಿರ್ದೇಶಕ ಮತ್ತು ಸಹಾಯಕ ನಿರ್ದೇಶಕರನ್ನು ಮಾತ್ರ. ಮಾದರಿಗಳನ್ನು ಸ್ವತಃ ಪರೀಕ್ಷಿಸುವ ವೈಜ್ಞಾನಿಕ ಅಧಿಕಾರಿಗಳ ಹೆಸರು ಆ ಪಟ್ಟಿಯಲ್ಲಿರಲಿಲ್ಲ.

ಇದರಿಂದ ವ್ಯಾಜ್ಯಗಳು ಹುಟ್ಟಿದವು. ಹಿಮಾಚಲ ಪ್ರದೇಶದ ಮಸ್ತ್ ರಾಮ್ ಪ್ರಕರಣದಲ್ಲಿ ಬಂದೂಕು ಪರೀಕ್ಷೆಯ ವರದಿಗೆ ಸಹಿ ಮಾಡಿದವರು ಕಿರಿಯ ವೈಜ್ಞಾನಿಕ ಅಧಿಕಾರಿ ಎಂಬ ಕಾರಣದಿಂದ ಉಚ್ಚ ನ್ಯಾಯಾಲಯ ಅದನ್ನು ಪರಿಗಣಿಸಲಿಲ್ಲ. 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ನಿಲುವನ್ನು ಒಪ್ಪಲಿಲ್ಲ. 2008ರಲ್ಲಿ, ದೆಹಲಿಯ ರಾಜೇಶ್ ಕುಮಾರ್ ಪ್ರಕರಣದಲ್ಲಿ, ಪಟ್ಟಿಯಲ್ಲಿಲ್ಲದ ‘ಜಂಟಿ ನಿರ್ದೇಶಕ’ ಎಂಬ ಹುದ್ದೆಯೂ ಅದರ ವ್ಯಾಪ್ತಿಗೆ ಬರುತ್ತದೆಯೆಂದು ಅದೇ ನ್ಯಾಯಾಲಯ ತೀರ್ಮಾನಿಸಬೇಕಾಯಿತು. ಪ್ರಯೋಗಾಲಯದಲ್ಲಿ ಬಡ್ತಿ ಎಂಬುದು ವೇತನಶ್ರೇಣಿಯನ್ನು ಮೀರಿದ ಅರ್ಥವುಳ್ಳದ್ದೆಂಬುದನ್ನು ಈ ಎರಡು ತೀರ್ಪುಗಳು ಸ್ಪಷ್ಟಪಡಿಸುತ್ತವೆ.

ಸರ್ಕಾರಿ ಪ್ರಯೋಗಾಲಯವು ಗ್ರಾಹಕರಿಗಾಗಿ ಸ್ಪರ್ಧಿಸುವ ಸಂಸ್ಥೆಯಲ್ಲ. ಅದರ ಸ್ಪರ್ಧೆ ಇರುವುದು ಪರಿಣತರಿಗಾಗಿ. ರಸಾಯನಶಾಸ್ತ್ರ, ಡಿ.ಎನ್.ಎ. ವಿಶ್ಲೇಷಣೆ, ಗಣಕ ಪರೀಕ್ಷೆಗಳಲ್ಲಿ ನುರಿತವರಿಗೆ ಬೆಂಗಳೂರಿನ ಔಷಧ ಹಾಗೂ ತಂತ್ರಾಂಶ ಸಂಸ್ಥೆಗಳಲ್ಲಿಯೂ ಅವಕಾಶವಿದೆ. ಬಡ್ತಿಯ ದಾರಿ ಮುಚ್ಚಿದರೆ ಅನುಭವಿಗಳು ಹೊರನಡೆಯುತ್ತಾರೆ. ಪರೀಕ್ಷೆ ತಡವಾಗುತ್ತದೆ, ವಿಚಾರಣೆಯೂ ತಡವಾಗುತ್ತದೆ. ಪ್ರಯೋಗಾಲಯಗಳ ಮಾನ್ಯತೆಗೆ ಆಧಾರವಾದ ಐ.ಎಸ್.ಒ./ಐ.ಇ.ಸಿ. 17025 ಮಾನದಂಡವು ಉಪಕರಣಗಳೊಂದಿಗೆ ಸಿಬ್ಬಂದಿಯ ಸಾಮರ್ಥ್ಯ ಮತ್ತು ತರಬೇತಿಯ ದಾಖಲೆಗಳನ್ನೂ ಕೇಳುವುದು ಈ ಕಾರಣದಿಂದಲೇ ಮಹತ್ವದ್ದಾಗಿದೆ.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಈ ಹೊಣೆಯನ್ನು ಹೆಚ್ಚಿಸಿದೆ. ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯುಳ್ಳ ಅಪರಾಧಗಳಲ್ಲಿ ತಜ್ಞರು ಕೃತ್ಯದ ಸ್ಥಳಕ್ಕೆ ಭೇಟಿ ನೀಡಬೇಕೆಂದು ಅದರ 176ನೆಯ ಪ್ರಕರಣ ವಿಧಿಸುತ್ತದೆ; ಇದನ್ನು ಜಾರಿಗೊಳಿಸಲು ರಾಜ್ಯಗಳಿಗೆ ಐದು ವರ್ಷಗಳ ಕಾಲಾವಕಾಶವಿದೆ. 329ನೆಯ ಪ್ರಕರಣವು ಹಳೆಯ ಪದನಾಮಗಳನ್ನು ಉಳಿಸಿಕೊಂಡು, ಇತರ ತಜ್ಞರನ್ನು ಅಧಿಸೂಚಿಸುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೂ ನೀಡಿದೆ. ಮಡಿವಾಳಕ್ಕೆ ಮುದ್ದೆಮಾಲು ಹೋಗುತ್ತಿದ್ದ ದಾರಿಯಲ್ಲಿ ಇನ್ನು ಮುಂದೆ ತಜ್ಞರೇ ಶ್ರೀನಿವಾಸಪುರದ ಹಳ್ಳಿಗಳಿಗೆ ಬರಬೇಕಾಗಿದೆ. ಹಕ್ ಮತ್ತು ಬೋಸ್ ಅವರಿಗೆ ಸಕಾಲದಲ್ಲಿ ದೊರೆಯದ ಮನ್ನಣೆಯನ್ನು ಇಂದಿನ ಕಿರಿಯ ತಜ್ಞರಿಗೆ ವೃಂದ ನಿಯಮಗಳ ಮೂಲಕವೇ ಒದಗಿಸುವುದು ಈ ವ್ಯವಸ್ಥೆಯ ಯಶಸ್ಸಿಗೆ ಅವಶ್ಯವಾದುದಾಗಿದೆ.